ಹೆಬ್ಬೆರಳಿನ ಗುರುತು

"ಬುದ್ಧಿ, ಕೊಟ್ಟ ಮಾತಿಗೆ ತಪ್ಪಿದವನಿಗೆ ಮಠದಲ್ಲಿ ಜಾಗ ಉಂಟೇ?"

ರೇವಯ್ಯ ಕೇಳಿದ್ದು ಪ್ರಶ್ನೆಯಂತಿರಲಿಲ್ಲ. ಉತ್ತರವನ್ನು ಅವನೇ ಕಟ್ಟಿಕೊಂಡು ಬಂದಿದ್ದ. ಗುರುಗಳು ಹೂಂ ಎಂದರೆ ಸಾಕಿತ್ತು.

ಮಾತು ಗೋಣೆಪ್ಪನದು. ಗೋಣೆಪ್ಪ ಗಾರೆ ಕೆಲಸದವನು. ಕುಡಿತಕ್ಕೆ ಮನೆ ಮಠ ಎಲ್ಲ ಕಳೆದುಕೊಂಡು ಇಲ್ಲಿಗೆ ಬಂದಿದ್ದ. ಇನ್ನು ಮುಟ್ಟುವುದಿಲ್ಲ ಎಂದು ಗದ್ದುಗೆಯ ಮುಂದೆ ಆಣೆ ಮಾಡಿದ್ದ. ಅವನನ್ನು ನೋಡಿಕೊಳ್ಳುವ ಹೊಣೆ ಶಿಷ್ಯ ರೇವಯ್ಯನದು. ಒಂದು ತಿಂಗಳು ನಡೆಯಿತು. ನಿನ್ನೆ ಸಂಜೆ ಗೋಣೆಪ್ಪ ಮತ್ತೆ ಕುಡಿದು ಬಂದ. ಈಗ ಹೊರಗಿನ ಕಟ್ಟೆಯ ಮೇಲೆ, ಕರಣೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹೋಗು ಎಂದರೆ ಹೋಗಲು ಅವನಿಗೆ ಬೇರೆ ಕಡೆ ಇರಲಿಲ್ಲ.

"ನಾನೇನು ಕಡಿಮೆ ಮಾಡಿದೆ?" ರೇವಯ್ಯನ ಧ್ವನಿ ಏರಿತು. "ಹಗಲೆಲ್ಲ ಅವನ ಹಿಂದೆಯೇ ಇದ್ದೆ. ಬಾಯಿ ಮೂಸದೆ ಒಂದು ಹೊತ್ತಾದರೂ ಪಂಕ್ತಿಗೆ ಕೂರಿಸಿದವನಲ್ಲ. ಅಷ್ಟು ಮಾಡಿದ್ದಕ್ಕೆ ನನ್ನ ಮುಖಕ್ಕೆ ಮಸಿ ಬಳಿದ. ಕಳಿಸಿಬಿಡಲೇ?"

"ಕೂರು" ಎಂದರು ಗುರುಗಳು. ಕತೆ ಹೇಳಿದರು.

ಒಬ್ಬ ಹಾಲಿನವನಿದ್ದ. ನಾಲ್ಕು ಎಮ್ಮೆ, ಒಂದು ಹಳೆಯ ಮೋಟರ್ ಸೈಕಲ್ಲು, ಇಷ್ಟೇ ಅವನ ಬದುಕು. ಎರಡೂ ಪಕ್ಕ ಕ್ಯಾನು ಕಟ್ಟಿಕೊಂಡು ಪೇಟೆಗೆ ಹಾಲು ಹಾಕುತ್ತಿದ್ದ. ಚೆಲ್ಲಿದ ಹಾಲು, ತೊಳೆದ ನೀರು ಬಿದ್ದು ಬಿದ್ದು ಗಾಲಿಗಳಿಗೆ ತುಕ್ಕು ಹತ್ತಿತು. ಬಿಟ್ಟರೆ ರಿಮ್ಮು ತೂತಾಗುತ್ತದೆ. ಹೊಸ ಗಾಲಿ ಕೊಳ್ಳುವ ಶಕ್ತಿ ಅವನಿಗಿಲ್ಲ. ಬಣ್ಣ ಹೊಡೆಯಬೇಕು, ಅದೂ ಮನೆಯಲ್ಲೇ. ಅಗ್ಗವಾಗಬೇಕು, ಬಾಳಿಕೆಯೂ ಬರಬೇಕು.

ಬಣ್ಣದ ವ್ಯಾಪಾರಿಯನ್ನು ಕೇಳಿದ. ವ್ಯಾಪಾರಿ ಹೇಳಿದ: "ಪುಡಿ ಬಳಿದು ಒಲೆಯಲ್ಲಿ ಬೇಯಿಸುವ ಬಣ್ಣ ಎಲ್ಲಕ್ಕಿಂತ ಗಟ್ಟಿ. ಅದು ಮನೆಯಲ್ಲಿ ಆಗುವುದಿಲ್ಲ, ದುಬಾರಿ ಬೇರೆ. ನಿನಗೆ ಕಿಟಕಿ ಸರಳಿಗೆ ಹಚ್ಚುವ ಎನಾಮಲ್ ಸಾಕು. ತುಕ್ಕು ಕೆರೆದು ಪ್ರೈಮರ್ ಹಚ್ಚು. ಒಣಗಿದ ಮೇಲೆ ತೆಳುವಾಗಿ ಎರಡು ಸಲ ಬಣ್ಣ ಹೊಡಿ. ಆಮೇಲೆ ಹತ್ತು ದಿನ ಅದರ ಪಾಡಿಗೆ ಬಿಡು."

ಹಾಲಿನವನು ಮೈಗಳ್ಳನಲ್ಲ. ಗಾಲಿ ಬಿಚ್ಚಿದ, ಟಯರು ಕಳಚಿದ. ಎಮರಿ ಕಾಗದದಿಂದ ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿದ. ಥಿನ್ನರಿನಲ್ಲಿ ಒರೆಸಿದ. ಪ್ರೈಮರ್ ಹಚ್ಚಿ, ಬಣ್ಣ ಹೊಡೆದು, ಕೊಟ್ಟಿಗೆಯ ತೊಲೆಗೆ ನೇತುಹಾಕಿದ. ಹತ್ತು ದಿನ ನೆರೆಯವನ ಸೈಕಲ್ಲು ತುಳಿದು ಹಾಲು ಹಾಕಿದ. ಎಮ್ಮೆ ಕರೆದು ಎದ್ದಾಗಲೆಲ್ಲ ಗಾಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಎರಡು ತಿಂಗಳಿಗೆ ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತು.

ಹಾಲಿನವನಿಗೆ ಸಿಟ್ಟು ಬಂತು. ಬಡವ ಎಂದು ಕಳಪೆ ಮಾಲು ಸಾಗಹಾಕಿದ್ದಾನೆ ಎಂದುಕೊಂಡ. ಈ ಸಲ ವ್ಯಾಪಾರಿ ಬೇಡವೆಂದರೂ ಕೇಳದೆ, ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣವನ್ನೇ ತಂದ. ಕಾರಿಗೆ ಹೊಡೆಯುವಂಥದ್ದು. ಅದಕ್ಕಾಗಿ ಮಗಳಿಗೆ ಹಬ್ಬಕ್ಕೆ ಬಟ್ಟೆ ತರಲಿಲ್ಲ. ಮತ್ತೆ ಕೆರೆದ, ಮತ್ತೆ ಉಜ್ಜಿದ, ಮತ್ತೆ ಹೊಡೆದ. ಎಣಿಸಿದಂತೆ ಹತ್ತು ದಿನ ಕಾದ.

ಅದೂ ಎದ್ದಿತು.

ಮಗಳು ಹಬ್ಬದಲ್ಲಿ ಹಳೆಯ ಲಂಗ ಉಟ್ಟದ್ದು ಅವನ ಕಣ್ಣ ಮುಂದೆ ಬಂತು. ಗಾಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಪೇಟೆಯ ನಡುವೆ ನಡೆದ. ಅಂಗಡಿಯಲ್ಲಿ ಜನ ತುಂಬಿದ್ದರು. ಗಾಲಿಯನ್ನು ವ್ಯಾಪಾರಿಯ ಮುಂದೆ ದಡ್ ಎಂದು ಒಗೆದ.

"ಸಾಹುಕಾರರೇ, ನೀವು ಮಾರುವುದು ಬಣ್ಣವೋ ಹಪ್ಪಳವೋ? ನೋಡಿ, ಹೇಗೆ ಉಬ್ಬಿದೆ!"

ಜನ ನಕ್ಕರು. ವ್ಯಾಪಾರಿ ನಗಲಿಲ್ಲ. "ನಿನ್ನ ಹಾಲು ನೀರಾಗಿದ್ದ ದಿನ ನಾನು ನಿನ್ನ ಮನೆ ಮುಂದೆ ಬಂದು ಕೂಗಿದೆನೇ?" ಎಂದ.

"ನೀರು ಬೆರೆಸಿದ್ದರೆ ನನ್ನ ಕೈ ಸೇದಿಹೋಗಲಿ! ನಾನು ಉಜ್ಜಿದ್ದೇನೆ, ಒರೆಸಿದ್ದೇನೆ, ಕಾದಿದ್ದೇನೆ. ನೀವು ಹೇಳಿದ ಒಂದು ಮಾತನ್ನೂ ಬಿಟ್ಟಿಲ್ಲ. ಇಷ್ಟು ಜನರ ಎದುರಿಗೆ ಹೇಳಿ, ಇದರಲ್ಲಿ ನನ್ನ ತಪ್ಪೇನು?"

ವ್ಯಾಪಾರಿ ಗಾಲಿಯನ್ನು ಬೆಳಕಿಗೆ ತಿರುಗಿಸಿದ. ಬಣ್ಣ ಎದ್ದ ಕಲೆಗಳು ರಿಮ್ಮಿನ ಸುತ್ತ ಇದ್ದವು. ಎಲ್ಲವೂ ಒಂದೇ ಅಳತೆ. ಅವನು ಹಾಲಿನವನ ಬಲಗೈ ಹಿಡಿದ. ಹೆಬ್ಬೆರಳನ್ನು ಬಿಡಿಸಿ ಒಂದು ಕಲೆಯ ಮೇಲಿಟ್ಟ.

ಸರಿಯಾಗಿ ಕೂತಿತು.

ಇನ್ನೊಂದರ ಮೇಲಿಟ್ಟ. ಅದರಲ್ಲೂ ಕೂತಿತು. ಜನರ ನಗು ನಿಂತಿತು.

ಎಮ್ಮೆಯ ಕೆಚ್ಚಲಿಗೆ ಹರಳೆಣ್ಣೆ ಸವರಿ ಹಾಲು ಕರೆಯುವ ಕೈ ಅದು. ಎಷ್ಟು ತೊಳೆದರೂ ಜಿಡ್ಡು ಹೋಗದ ಹೆಬ್ಬೆರಳು. ಅದೇ ಹೆಬ್ಬೆರಳಿನಿಂದ ಪ್ರೈಮರ್ ಒಣಗಿತೇ ಎಂದು ಒತ್ತಿ ನೋಡಿದ್ದ. ಮೊದಲ ಪದರದ ಬಣ್ಣ ಹಿಡಿಯಿತೇ ಎಂದು ಒತ್ತಿ ನೋಡಿದ್ದ. ಬೆಳಗ್ಗೆ ನೋಡಿದ್ದ, ಸಂಜೆ ನೋಡಿದ್ದ.

"ಮುಟ್ಟದೆ ಹೋದರೆ ಒಣಗಿತೋ ಇಲ್ಲವೋ ನನಗೆ ಗೊತ್ತಾಗುವುದು ಹೇಗೆ?" ಎಂದ ಹಾಲಿನವನು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಿನಗೆ ಗೊತ್ತಾಗಬೇಕಿಲ್ಲ, ಅದು ಒಣಗಬೇಕು" ಎಂದ ವ್ಯಾಪಾರಿ.

ಮೊದಲಿನ ಆ ಕಿಟಕಿ ಸರಳಿನ ಬಣ್ಣವನ್ನೇ ಮತ್ತೆ ಕೊಟ್ಟ. ಹಾಲಿನವನು ಮೊದಲಿನಂತೆಯೇ ಕೆರೆದ, ಉಜ್ಜಿದ, ಒರೆಸಿದ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಣ್ಣ ಹೊಡೆದ. ಗಾಲಿಗಳನ್ನು ಹಿಂದಿನ ಕೋಣೆಯಲ್ಲಿ ನೇತುಹಾಕಿ ಬೀಗ ಜಡಿದು ಕೀಲಿಯನ್ನು ಹೆಂಡತಿಗೆ ಕೊಟ್ಟ. ಮೂರನೆಯ ದಿನ ಹೋಗಿ ಕೈಯೊಡ್ಡಿದ.

"ಒಂದೇ ಒಂದು ಸಲ ಕೊಡೇ. ನೋಡಿ ಬರುತ್ತೇನೆ."

"ನೋಡುವುದಕ್ಕೆ ಕಣ್ಣು ಸಾಕಲ್ಲ? ಕಿಟಕಿಯಿಂದ ನೋಡಿ" ಎಂದಳು ಅವಳು. ಕೀಲಿ ಕೊಡಲಿಲ್ಲ.

ನಾಲ್ಕು ಮಳೆಗಾಲ ಕಳೆದವು. ಆ ಬಣ್ಣ ಇನ್ನೂ ಎದ್ದಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡುಗೆ ಮನೆಯ ಕಡೆಯಿಂದ ಊಟದ ಗಂಟೆ ಕೇಳಿಸಿತು. ಹೊರಗೆ ಗೋಣೆಪ್ಪ ಎದ್ದು ನಿಂತ. ಎಲ್ಲರೂ ಪಂಕ್ತಿಗೆ ಹೋಗುವುದನ್ನು ನೋಡಿ ಮತ್ತೆ ಕುಳಿತ.

ರೇವಯ್ಯನಿಗೆ ತಾಳ್ಮೆ ಇರಲಿಲ್ಲ. "ಹಾಲಿನವನ ಗಾಲಿ ಇರಲಿ ಬುದ್ಧಿ. ನಾನು ಕೇಳಿದ್ದು ಗೋಣೆಪ್ಪನ ವಿಷಯ. ಅವನನ್ನು ಏನು ಮಾಡಲಿ?"

"ಊಟಕ್ಕೆ ಕರೆ, ಬಾಯಿ ಮೂಸಬೇಡ."