ಎಳೆಯ ನಕ್ಷತ್ರ ಮತ್ತು ಧೂಳಜ್ಜಿ

ಧೂಳಿನ ಮೋಡಗಳ ನಡುವೆ ಒಂದು ಎಳೆಯ ನಕ್ಷತ್ರ ಬೆಳೆಯುತ್ತಿತ್ತು. ಸದಾ ಮಂಕಾಗಿರುತ್ತಿದ್ದ ಅದು ಆಗಾಗ ಇದ್ದಕ್ಕಿದ್ದಂತೆ ಧಗ್ಗನೆ ಹೊಳೆಯುತ್ತಿತ್ತು. ಹಾಗೆ ಹೊಳೆದ ಒಂದು ದಿನ, ಎದುರಿಗಿದ್ದ ಮುದಿ ಮೋಡವನ್ನು ಕರೆಯಿತು.

"ನೋಡಿದೆಯಾ ಅಜ್ಜಿ, ನನ್ನ ಪ್ರತಾಪ? ನೀನು ಅಡ್ಡ ನಿಲ್ಲದಿದ್ದರೆ ಲೋಕವೆಲ್ಲ ನೋಡುತ್ತಿತ್ತು. ಸ್ವಲ್ಪ ಸರಿದು ನಿಲ್ಲು."

"ನೋಡಿದೆ ಮಗು," ಎಂದಳು ಧೂಳಜ್ಜಿ. "ಈಗ ಉರಿದವಳು ನನ್ನ ತಂಗಿ. ಮನೆಮಂದಿಯ ಸಮೇತ ನಿನ್ನೊಳಗೆ ಬಿದ್ದಳು."

ನಕ್ಷತ್ರ ಕೇಳಿತು, "ಹಾಗಾದರೆ ಹಿಂದಿನ ಸಲ ಹೊಳೆದದ್ದು?"

"ನಮ್ಮಣ್ಣ. ಅದಕ್ಕೂ ಮೊದಲು ನನ್ನ ಮಕ್ಕಳು."

"ನಾನು ಮಂಕಾಗಿದ್ದ ದಿನಗಳಲ್ಲಿ?"

"ಆಗ ಯಾರೂ ಬಿದ್ದಿರಲಿಲ್ಲ."

ನಕ್ಷತ್ರ ಕೂಗಿಕೊಂಡಿತು, "ಬೇಡ ಅಜ್ಜಿ. ಇನ್ನು ಯಾರೂ ನನ್ನ ಬಳಿ ಬರಬೇಡಿ. ನಾನು ಮಂಕಾಗಿಯೇ ಇರುತ್ತೇನೆ."

"ನಾವೆಲ್ಲಿ ಬರುತ್ತಿದ್ದೇವೆ ಮಗು?" ಅಜ್ಜಿಯ ದನಿ ಆಗಲೇ ತೀರ ಹತ್ತಿರದಲ್ಲಿ ಕೇಳಿಸಿತು. "ನೀನೇ ಎಳೆದುಕೊಳ್ಳುತ್ತಿದ್ದೀಯ."

ಮರುಕ್ಷಣ ನಕ್ಷತ್ರ ಹಿಂದೆಂದೂ ಇಲ್ಲದಷ್ಟು ಹೊಳೆಯಿತು. ಅಜ್ಜಿ ನಿಂತಿದ್ದ ಜಾಗ ತೆರವಾಗಿತ್ತು. ಅಲ್ಲಿಂದ ಅದರ ಬೆಳಕು ಮೊದಲ ಸಲ ಹೊರಗೆ ಹರಿಯಿತು, ದೂರದ ನಕ್ಷತ್ರಗಳೆಲ್ಲ ಭಲೇ ಎಂದವು.