ಕಣ್ಣು ತೆರೆಸುವ ಕುಂಚ

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಗುರು ಮೌನಪ್ಪಾಚಾರ್ಯರು ದೇವರ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಎಲ್ಲ ಬರೆದಾದ ಮೇಲೆ ಕೊನೆಗೆ ಕಣ್ಣು. ಅದಕ್ಕೆಂದೇ ಒಂದು ಸಣ್ಣ ಕುಂಚವಿತ್ತು. ಗುರುಗಳು ಅದನ್ನು ಕೈಗೆ ಕೊಟ್ಟರಷ್ಟೇ ಶಿಷ್ಯ ಕಣ್ಣು ತೆರೆಸಬೇಕು.

ಪಂಪಾಪತಿ ಏಳು ವರ್ಷ ಕಲಿತಿದ್ದ. ಅವನು ಬರೆದ ಅನ್ನಪೂರ್ಣೆ ಮೂರು ತಿಂಗಳಿಂದ ಕಣ್ಣಿಲ್ಲದೆ ಗೋಡೆಗೊರಗಿ ನಿಂತಿದ್ದಳು. ಜೊತೆಗೆ ಬಂದವರೆಲ್ಲ ಕುಂಚ ಪಡೆದಿದ್ದರು. ಅವನಿಗೆ ಒಳಗೊಳಗೇ ಕುದಿತ.

"ಗುರುಗಳೇ, ನನ್ನ ಕೈಯಾಗ ಏನು ತಪ್ಪೈತಿ?"

"ಕೈ ಚೊಲೋ ಐತಿ. ನಡಿ, ಪ್ಯಾಟಿಗೆ ಹೋಗಿ ಬರೋಣು."

ಪೇಟೆಯ ಗ್ಯಾಲರಿಯಲ್ಲಿ ದಿನಬಳಕೆಯ ವಸ್ತುಗಳಿಂದ ಕಲೆ ಮಾಡುವ ಒಬ್ಬ ಪಾಪ್ ಕಲಾವಿದನ ಪ್ರದರ್ಶನ ನಡೆದಿತ್ತು. ಒಂದು ಗೋಡೆಯ ತುಂಬ ಒಬ್ಬಳೇ ಹೆಂಗಸಿನ ಮುಖ, ಹದಿನಾರು ಸಲ ಅಚ್ಚು ಹಾಕಿದ್ದು. ಒಂದು ಗುಲಾಬಿ, ಒಂದು ಹಸಿರು, ಒಂದು ಕಣ್ಣು ಕುಕ್ಕುವ ಹಳದಿ. ನಡುವೆ ಡಬ್ಬಿ, ಸೌಟು, ಹಳೇ ಸ್ಟೋವು ಸೇರಿಸಿ ಕಟ್ಟಿದ ಆಳೆತ್ತರದ ಕಪಾಟು.

ಪಂಪಾಪತಿ ಬೆರಳೆತ್ತಿ ಹಿಡಿದು ಆ ಮುಖದ ಅಳತೆ ತೆಗೆದ. ಏಳು ವರ್ಷದ ಚಾಳಿ, ಎಲ್ಲಿ ಹೋದರೂ ಬಿಡದು.

"ಎಡಗಣ್ಣು ಎಳ್ಳಿನಷ್ಟು ಕೆಳಗ ಇಳಿದೈತಿ. ಹದಿನಾರು ಸಲಾನೂ ಅದೇ ತಪ್ಪು! ಈ ಕಪಾಟಂತೂ ನಮ್ಮ ಆಶ್ರಮದ ಅಡಿಗಿಮನಿಯಿಂದ ಹೊತ್ತು ತಂದಂಗೈತಿ."

ಗುರುಗಳು ಕಪಾಟಿಗೆ ಕೈಮುಗಿದರು. ಪಂಪಾಪತಿ ನಾಚಿಕೊಂಡು ಅತ್ತಿತ್ತ ನೋಡಿದ.

"ನಮ್ಮ ಕಪಾಟಿನಾಗ ಏನೇನೈತಿ?" ಎಂದು ಕೇಳಿದರು ಗುರುಗಳು.

ಪಂಪಾಪತಿ ಡಬ್ಬಿ, ಸೌಟು ಎಂದು ಎಣಿಸಹೊರಟು ಎರಡಕ್ಕೇ ನಿಂತ.

"ಅದರ ಮುಂದ ನಿಂತು ಅಡಿಗಿ ಮಾಡೋ ಈರವ್ವನ ಕಣ್ಣು ಹೆಂಗದಾವು?"

ಅನ್ನಪೂರ್ಣೆಯ ಕಣ್ಣಿನ ಲಕ್ಷಣವನ್ನು ಅವನು ನಿದ್ದೆಯಲ್ಲೂ ಹೇಳಬಲ್ಲ. ಏಳು ವರ್ಷ ಎರಡು ಹೊತ್ತು ಅನ್ನ ಬಡಿಸಿದ ಈರವ್ವನದು? ಸೌಟು ಹಿಡಿದ ಕೈ ನೆನಪಾಯಿತು. ಮುಖ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಒಬ್ಬನೇ ಗ್ಯಾಲರಿಗೆ ಹೋದ. ಬೆರಳು ಎತ್ತದೆ ಆ ಮುಖಗಳ ಎದುರು ಸುಮ್ಮನೆ ಕೂತ. ಎಷ್ಟೋ ಹೊತ್ತಿನ ಮೇಲೆ, ಇದು ಅಳತೆಯ ತಪ್ಪಲ್ಲ, ಈಕೆ ಎಲ್ಲೋ ನಿಜವಾಗಿ ಇರುವ ಹೆಂಗಸು ಅನಿಸಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಎಲೆಯಿಂದ ತಲೆ ಎತ್ತಿ ಈರವ್ವನನ್ನು ನೋಡಿದ.

ಅವಳ ಎಡಗಣ್ಣೂ ಎಳ್ಳಿನಷ್ಟು ಕೆಳಗೆ ಇಳಿದಿತ್ತು.

"ಯಾಕಪ್ಪಾ ಹಂಗ ನೋಡ್ತಿ? ಸಾರಿಗೆ ಹುಳಿ ಹೆಚ್ಚಾತೇನು?"

"ಇಲ್ಲವ್ವಾ. ಹಂಗ್ಯಾಕ ಕೇಳಿದಿ?"

"ಹುಳಿ ಹೆಚ್ಚಾದ್ರ ನಿನ್ನ ಬಲಗಣ್ಣು ಒಂಚೂರು ಮುಚ್ಚತೈತಿ. ಏಳು ವರ್ಷದಿಂದ ನೋಡಾಕ ಹತ್ತೀನಿ."

ಅವನಿಗೆ ತನ್ನ ಮೇಲೆ ನಾಚಿಕೆಯಾಯಿತು, ಅಳುವೂ ಬಂತು. ಹೇಗೋ ಉಂಡು, ಕೈ ತೊಳೆದು, ನೇರ ಗುರುಗಳ ಬಳಿಗೆ ನಡೆದ.

"ಗುರುಗಳೇ, ಈರವ್ವ ನನ್ನ ಕಣ್ಣು ಯಾವಾಗೋ ನೋಡ್ಯಾಳ. ನಾನು ಆಕಿದು ಇವತ್ತು ನೋಡಿದೆ."

ಗುರುಗಳು ಬಟ್ಟೆಯ ಸುರುಳಿ ಬಿಚ್ಚಿ ಆ ಸಣ್ಣ ಕುಂಚ ಹೊರಗೆ ತೆಗೆದರು. ಮಣೆಯ ಮೇಲೆ ಇಟ್ಟರು.

ಪಂಪಾಪತಿ ಕೈ ಚಾಚಿದ.

"ಈರವ್ವಂದು ಊಟ ಆತೇನು?" ಎಂದರು ಗುರುಗಳು.

ಪಂಪಾಪತಿ ಅದನ್ನು ಕೇಳದೆಯೇ ಎದ್ದು ಬಂದಿದ್ದ. ಚಾಚಿದ ಕೈ ಹಿಂದಕ್ಕೆ ತೆಗೆದ.

"ಕೇಳಿ ಬಾ. ಕುಂಚ ಇಲ್ಲೇ ಇರತೈತಿ."