ನರಿ ಮುಖದ ಅದೃಷ್ಟ

ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಎಂಬುದು ಬಡಾವಣೆಯ ಕೊನೆ ಮನೆಯ ಪುಟ್ಟಚೆನ್ನಮ್ಮನ ನಂಬಿಕೆ. ಅದಕ್ಕೆಂದೇ ಗೇಟಿನ ಬಳಿ ತಟ್ಟೆಯಲ್ಲಿ ಮಿಕ್ಕ ಮುದ್ದೆ, ಬಾಡಿನ ಮೂಳೆ ಇಡುತ್ತಿದ್ದಳು. ನರಿ ತಪ್ಪದೆ ಬರುತ್ತಿತ್ತು.

ಗೇಟಿಗೆ ಕಟ್ಟಿದ್ದ ನಾಯಿಗೆ ರೋಸಿಹೋಯಿತು. "ಎಲೈ ನರಿಯೇ, ಮನೆಗಳ ನಡುವೆ ನಿನಗೇನು ಕೆಲಸ? ಪೊದೆಗೆ ಹೋಗು."

"ನಾನಾಗಿ ಬಂದವನಲ್ಲ. ಮನುಷ್ಯರ ನೆರಳು ಕಂಡರೂ ಓಡುತ್ತಿದ್ದೆ. ಉಣ್ಣಿಸಿ ಉಣ್ಣಿಸಿ ಆ ಹೆದರಿಕೆ ಬಿಡಿಸಿದವಳು ನಿನ್ನ ಒಡತಿ. ಆಗಲೇ ನೀನು ಬೊಗಳಬೇಕಿತ್ತು."

"ಬೊಗಳಿದೆ! ಬಾಗಿಲಿಗೆ ಬಂದ ಅದೃಷ್ಟ ಓಡಿಸ್ತೀಯಾ ಅಂತ ಪೊರಕೆಯಲ್ಲಿ ಬಾರಿಸಿದಳು."

"ಹಾಗಾದರೆ ಇವತ್ತೂ ಸುಮ್ಮನಿರು" ಎಂದ ನರಿ, ತಟ್ಟೆ ನೆಕ್ಕಿ ಮುಗಿಸಿ, ಅಂಗಳದ ಕೋಳಿಗೂಡಿಗೆ ನುಗ್ಗಿ ಹೇಂಟೆಯನ್ನು ಕಚ್ಚಿಕೊಂಡು ಹೋಯಿತು. ನಾಯಿ ಸುಮ್ಮನಿತ್ತು.

ಹೊರಗೆ ಓಡಿಬಂದ ಪುಟ್ಟಚೆನ್ನಮ್ಮ ಪುಕ್ಕ ಚೆಲ್ಲಾಡಿದ್ದು ಕಂಡು ಮೊದಲು ನಾಯಿಗೆ ಎರಡು ಬಿಟ್ಟಳು. "ದಂಡಪಿಂಡ, ಬೊಗಳೋಕೆ ಏನಾಗಿತ್ತು ನಿಂಗೆ?" ಆಮೇಲೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಇವತ್ತು ಯಾವ ದರಿದ್ರದ ಮುಖ ನೋಡ್ಕೊಂಡು ಎದ್ನೋ!"

ನಾಳೆಯಾದರೂ ಒಳ್ಳೆ ಮುಖ ಕಾಣಲಿ ಎಂದು, ಖಾಲಿ ತಟ್ಟೆಗೆ ಮತ್ತೆ ಮುದ್ದೆ ಹಾಕಿದಳು.